ಉಸಿರು ಬಿಡಲಿಕ್ಕೆ ಜಾಗ

ಆಗಸ್ಟ್ ತಿಂಗಳ ಒಂದು ಭಾನುವಾರ. ಹೊರಗೆ ಬೆಳಗಾವಿ ಮಳೆ, ಒಳಗೆ ಆರಾಧನೆಯ ಕೊನೆಯ ಹಾಡು. ಕೊನೆಯ ಚರಣಕ್ಕೆ ಅಂತ ನಾನು ಎರಡು ವಾರ ಕೂತು ಹೊಸ ಕಾರ್ಡ್‌ಗಳನ್ನು, ಅಂದರೆ ರಾಗದ ಜೊತೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳನ್ನು, ಕಲಿತಿದ್ದೆ. ರಾಗ ಅದೇ, ಅದರ ಕೆಳಗಿನ ಸ್ವರಗಳು ಮಾತ್ರ ಬೇರೆ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೇ ಸಾಲಿಗೆ ಹೆಂಗಸರ ಕಡೆಯ ದನಿ ತಗ್ಗಿತು. ಮೂರನೆಯದಕ್ಕೆ ಗಂಡಸರೂ ನಿಲ್ಲಿಸಿದರು. ನಾಲ್ಕನೇ ಸಾಲಿಗೆ ಆರ್ಗನ್ ಒಂದೇ ಉಳಿಯಿತು. ಇಡೀ ಸಭೆ ಪುಸ್ತಕ ಹಿಡಿದುಕೊಂಡು ಸುಮ್ನೆ ನಿಂತಿತ್ತು.

ಆರಾಧನೆ ಮುಗಿದ ಮೇಲೆ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಹತ್ತಿರ ಬಂದರು. ಅವರ ತವರು ಗುಳೇದಗುಡ್ಡ. ನನ್ನ ಕೈ ಹಿಡಿದು ಹೇಳಿದರು: "ಛಲೋ ಬಾರಸ್ತಿಯವಾ. ಆದ್ರ ನಮಗ ಉಸಿರು ಬಿಡಾಕ ಜಾಗಾನ ಇಡಲಿಲ್ಲ ನೀ."

ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಆ ಮಾತನ್ನು ಬರೆದಿಟ್ಟುಕೊಂಡೆ. ಆರ್ಗನ್‌ಗೆ ಹಾಡು ಹೊಂದಿಸುವುದು ಅಂದರೇನು ಅಂತ ನಾನು ಕಲಿಯತೊಡಗಿದ್ದು ಅಲ್ಲಿಂದ.

ಮೊದಲು ಆ ವಾದ್ಯದ ಬಗ್ಗೆ ಹೇಳಬೇಕು. ನಮ್ಮದು ದೊಡ್ಡ ಕೊಳವೆಗಳ ಆರ್ಗನ್ ಅಲ್ಲ. ಎರಡೂ ಕಾಲಿನಿಂದ ತುಳಿಯುವ, ಒಳಗೆ ಗಾಳಿಗೆ ಅದುರಿ ದನಿ ಕೊಡುವ ಹಿತ್ತಾಳೆ ರೀಡ್‌ಗಳಿರುವ ಹಳೆಯ ಮರದ ಪೆಟ್ಟಿಗೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಹಾಗಾಗಿ ಹಿರಿಯರಿಗೆ ಇದು ಕಾಲುಪೇಟಿ. ಕೈಪೇಟಿ ಗಾಳಿಯನ್ನು ರೀಡ್‌ ಕಡೆಗೆ ತಳ್ಳುತ್ತದೆ. ಇದು ರೀಡ್‌ ಮೂಲಕ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಇದರ ದನಿ ಮೆತ್ತಗೆ. ಅರವತ್ತೊಂದು ಕೀಗಳು, ಮೇಲೆ ಬೇರೆ ಬೇರೆ ಸಾಲಿನ ರೀಡ್‌ ತೆರೆಯಲು ಎಳೆಯುವ ಗುಂಡಿಗಳು, ಅಂದರೆ ಸ್ಟಾಪ್‌ಗಳು, ಕೆಳಗೆ ಮೊಣಕಾಲಿನಿಂದ ಪಕ್ಕಕ್ಕೆ ಒತ್ತುವ ಎರಡು ಹಲಗೆ. ಒಂದು ಹಲಗೆ ಒತ್ತಿದರೆ ದನಿ ನಿಧಾನಕ್ಕೆ ಏರುತ್ತದೆ, ಇನ್ನೊಂದು ಒತ್ತಿದರೆ ಎಲ್ಲ ಸ್ಟಾಪ್‌ಗಳೂ ಒಮ್ಮೆಲೇ ತೆರೆಯುತ್ತವೆ. ಕಾಲಿನಿಂದ ಬಾರಿಸುವ ಮಂದ್ರದ ಪೆಡಲ್ ಕೀಗಳು ಮಾತ್ರ ಇದಕ್ಕಿಲ್ಲ. ಕಾಲಿಗೆ ಗಾಳಿ ಎಳೆಯುವ ಕೆಲಸವೇ ಸಾಕಷ್ಟಿದೆ.

ನಲವತ್ತು ವರ್ಷ ಇದನ್ನು ಬಾರಿಸಿದ ಮಾಸ್ತರರಿಗೆ ಕೈ ನಡುಗಲು ಶುರುವಾದಾಗ ಒಂದು ರಟ್ಟಿನ ಫೈಲು ನನ್ನ ಕೈಗಿಟ್ಟರು. "ಇನ್ನ ಮ್ಯಾಲ ನೀನ ನೋಡ್ಕೊಳವಾ" ಅಂದರು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಚಿಕ್ಕವಳಿದ್ದಾಗ ಪಿಯಾನೊ ಕಲಿತಿದ್ದೆ, ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಓದಲು ಬರುತ್ತಿತ್ತು, ಅಷ್ಟೇ. ಫೈಲಿನಲ್ಲಿ ಹಾಡುಗಳ ರಾಗ ಕನ್ನಡದಲ್ಲಿ ಸ ರಿ ಗ ಮ ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು. ಸಾಲಿನ ಕೊನೆಯಲ್ಲೆಲ್ಲ ಒಂದು ಅಡ್ಡ ಗೆರೆ ಇತ್ತು. ಅದು ಸಾಲು ಮುಗಿದ ಗುರುತು ಅಂದುಕೊಂಡೆ. ಅದರ ಅರ್ಥ ಬೇರೆ ಇತ್ತು ಅಂತ ತಿಳಿದಿದ್ದು ಬಹಳ ತಡವಾಗಿ.

ನನ್ನ ಕೈಗೆ ಬಂದಾಗ ಪೆಟ್ಟಿಗೆಯ ಸ್ಥಿತಿ ಚೆನ್ನಾಗಿರಲಿಲ್ಲ. ತಿದಿಯ ಬಟ್ಟೆಯನ್ನು ಇಲಿ ಕಡಿದಿತ್ತು. ಹಿಂದೆ ಯಾರೋ ರಿಪೇರಿಯವರು ಬಿಳಿ ಗೋಂದು ಹಚ್ಚಿ ತೇಪೆ ಹಾಕಿದ್ದರು. ಆ ಗೋಂದು ಒಮ್ಮೆ ಗಟ್ಟಿಯಾದರೆ ಬಿಡಿಸಲು ಆಗುವುದಿಲ್ಲ, ಕೆರೆದರೆ ಮರವೇ ಕಿತ್ತು ಬರುತ್ತದೆ. ಬಡಗಿಗಳು ಕಾಯಿಸಿ ಹಚ್ಚುವ ಹಳೆಯ ಅಂಟೇ ಇದಕ್ಕೆ ಸರಿ. ಮುಂದೆ ಬಿಚ್ಚಬೇಕಾದರೆ ಶಾಖ ಕೊಟ್ಟರೆ ಸಾಕು, ಬಿಟ್ಟುಕೊಳ್ಳುತ್ತದೆ. ಪುಣ್ಯಕ್ಕೆ ಬೆಳಗಾವಿ ಪೇಟಿಯ ಊರು. ಪಂಡಿತ್ ರಾಮಭಾವು ವಿಜಾಪುರೆ ಅವರಂಥವರು ಇದ್ದು ಕಲಿಸಿದ ಊರು. ಪೇಟಿ ಬಿಚ್ಚಿ ಜೋಡಿಸಬಲ್ಲ ಕೈಗಳು ಇಲ್ಲಿ ಇನ್ನೂ ಸಿಗುತ್ತವೆ. ಅಂಥ ಒಬ್ಬರು ನಾಲ್ಕು ಶನಿವಾರ ಬಂದರು. ಅವರು ಕ್ರೈಸ್ತರಲ್ಲ, ಚರ್ಚಿನೊಳಗೆ ಬಂದಿದ್ದು ಅದೇ ಮೊದಲು. ಪ್ರತಿ ಸಲ ಚಪ್ಪಲಿ ಹೊರಗೆ ಬಿಟ್ಟು, ಪೆಟ್ಟಿಗೆಗೆ ಕೈ ಮುಗಿದೇ ಕೆಲಸ ಶುರು ಮಾಡುತ್ತಿದ್ದರು.

ಅವರ ಪಕ್ಕ ಕೂತು ನಾನು ರೀಡ್ ತೆಗೆಯುವುದನ್ನು ಕಲಿತೆ. ಕೊಕ್ಕೆಯಿಂದ ಒಂದೊಂದೇ ರೀಡ್ ಎಳೆದು, ಬೆಳಕಿಗೆ ಹಿಡಿದು ನೋಡುವುದು. ಹಿತ್ತಾಳೆಯ ನಾಲಿಗೆ ಮತ್ತು ಅದರ ಚೌಕಟ್ಟಿನ ನಡುವೆ ಕೂದಲೆಳೆಯಷ್ಟು ಸಂದು. ಅಲ್ಲಿ ಒಂದು ಚೂರು ದೂಳು ಕೂತರೂ ಸ್ವರ ಹೊರಡುವುದಿಲ್ಲ. ತೆಳ್ಳನೆಯ ಕಾಗದ ಆ ಸಂದಿನಲ್ಲಿ ತೂರಿಸಿ ಎಳೆದರೆ ಸತ್ತ ಸ್ವರ ಮತ್ತೆ ಮಾತಾಡುತ್ತದೆ. ಶ್ರುತಿ ಇಳಿದಿದ್ದರೆ ನಾಲಿಗೆಯ ತುದಿಯನ್ನು ತುಸು ಕೆರೆಯಬೇಕು, ಆಗ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಕೆರೆಯಬೇಕು, ಇಳಿಯುತ್ತದೆ. "ಜಾಸ್ತಿ ಕೆರೀಬ್ಯಾಡ್ರಿ ಟೀಚರ್, ಹೋದ ಹಿತ್ತಾಳಿ ಮತ್ತ ಬರೂದಿಲ್ಲ" ಅನ್ನುತ್ತಿದ್ದರು.

ಈ ಕೆಲಸ ನನಗೆ ಹಾಡು ಹೊಂದಿಸಲಿಕ್ಕೂ ದಾರಿ ತೋರಿಸಿತು. ಮಂದ್ರದಲ್ಲಿ ಹತ್ತಿರ ಹತ್ತಿರದ ಸ್ವರಗಳನ್ನು ಒತ್ತಿದರೆ ದನಿ ಗೊರಗೊರ ಅನ್ನುತ್ತದೆ. ದಪ್ಪ ರೀಡ್‌ಗಳು ಗಾಳಿಯನ್ನೂ ಬೇಗ ನುಂಗುತ್ತವೆ. ಹಾಗಾಗಿ ಎಡಗೈಯಲ್ಲಿ ಕೆಳಗಿನ ಸ್ವರ ಒಂದೇ ಇರಲಿ, ಇಲ್ಲವೇ ಅದರ ಮೇಲಿನ ಸ್ಥಾಯಿಯ ಅದೇ ಸ್ವರ ಜೊತೆಗಿರಲಿ. ಉಳಿದವು ನಡುವಿನ ಜಾಗಕ್ಕೆ ಬರಲಿ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಆರ್ಗನ್ ಪುಟಗಳಲ್ಲಿ ಬಹಳಷ್ಟು ದೊಡ್ಡ ಆರ್ಗನ್‌ಗೆ ಬರೆದವು. ಮೂರು ಸಾಲಿನ ನೊಟೇಶನ್, ಕೆಳಗಿನ ಸಾಲು ಕಾಲಿಗೆ. ಅದನ್ನು ಎರಡು ಕೈಗೆ ಹಿಂಡಿ ತುಂಬಿಸಲು ಹೋಗಿಯೇ ನಾನು ಆಗಸ್ಟ್‌ನಲ್ಲಿ ಕೆಟ್ಟಿದ್ದು.

ಮತ್ತೆ ಮೊದಲಿಂದ ಶುರು ಮಾಡಿದೆ. ಮೂರೇ ಹಾಡು ಆರಿಸಿಕೊಂಡೆ. ನವೆಂಬರ್‌ನಲ್ಲಿ ನಮ್ಮ ಸುಗ್ಗಿಯ ಆರಾಧನೆ, ಅಷ್ಟರೊಳಗೆ ಮೂರು ಹಾಡಾದರೂ ಸಭೆಗೆ ಒಪ್ಪುವಂತೆ ಬರಬೇಕು.

ಮೊದಲ ಕೆಲಸ ಶ್ರುತಿ ಇಳಿಸುವುದು. ಪುಸ್ತಕಗಳಲ್ಲಿ ಈ ರಾಗಗಳ ಶ್ರುತಿ ಎತ್ತರ. ನೂರನೇ ಕೀರ್ತನೆಯ ಹಳೆಯ ರಾಗವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನವರು ಅದನ್ನು 'ಓಲ್ಡ್ ಹಂಡ್ರೆಡ್ತ್' ಅನ್ನುತ್ತಾರೆ. ಸಾಮಾನ್ಯವಾಗಿ ಬಿಳಿ ಐದರಲ್ಲಿ, ಅಂದರೆ ಐದನೇ ಬಿಳಿ ಕೀಯನ್ನು ಷಡ್ಜ ಮಾಡಿಕೊಂಡು, ಅಚ್ಚಾಗಿರುತ್ತದೆ. ಕೊನೆಯ ಸಾಲು ಶುರುವಾಗುವುದೇ ಮೇಲಿನ ಪಂಚಮಕ್ಕೆ ಹಾರಿ. ಬೆಳಿಗ್ಗೆ ಎಂಟೂವರೆಗೆ, ಚಹಾ ಕುಡಿದು ನೆಟ್ಟಗೆ ಬಂದ ಗಂಟಲಿಗೆ ಅದು ಕಷ್ಟ ಅಲ್ವಾ? ಬಿಳಿ ನಾಲ್ಕಕ್ಕೆ ಇಳಿಸಿದೆ. ಒಂದೇ ಸ್ವರದ ವ್ಯತ್ಯಾಸ, ಆದರೆ ಹಿಂದಿನ ಬೆಂಚುಗಳ ಬಾಯಿ ತೆರೆಯಿತು.

ಎರಡನೆಯದು ಉಸಿರು. ಅಜ್ಜಿ ಹೇಳಿದ್ದನ್ನು ಪರೀಕ್ಷಿಸಲು ಒಂದು ಭಾನುವಾರ ಫೋನ್‌ನಲ್ಲಿ ಸಭೆಯ ಹಾಡನ್ನು ರೆಕಾರ್ಡ್ ಮಾಡಿದೆ. ಮನೆಯಲ್ಲಿ ಕೇಳಿದಾಗ ಸ್ಪಷ್ಟವಾಯಿತು. ಪ್ರತಿ ಸಾಲಿನ ಕೊನೆಗೆ ನಾನು ಪೂರ್ತಿ ಮಾತ್ರೆ ಹಿಡಿದು, ನೇರ ಮುಂದಿನ ಸಾಲಿಗೆ ಹಾರುತ್ತಿದ್ದೆ. ಸಭೆ ಉಸಿರು ತೆಗೆದುಕೊಂಡು ಅರ್ಧ ಮಾತ್ರೆ ತಡವಾಗಿ ಬರುತ್ತಿತ್ತು. ನಾಲ್ಕು ಸಾಲಿಗೆ ನಾಲ್ಕು ಸಲ ನಾನು ಅವರನ್ನು ಬಿಟ್ಟು ಓಡಿದ್ದೆ. ಹಳೆಯ ಜರ್ಮನ್ ಕೋರಾಲ್‌ಗಳ, ಅಂದರೆ ಸಭೆ ಒಟ್ಟಿಗೆ ಹಾಡುವ ಹಾಡುಗಳ, ಅಚ್ಚಿನಲ್ಲಿ ಸಾಲಿನ ಕೊನೆಯ ಸ್ವರದ ಮೇಲೆ ಒಂದು ಪುಟ್ಟ ಕಮಾನು, ಅದರೊಳಗೆ ಒಂದು ಚುಕ್ಕೆ ಇರುತ್ತದೆ. ಪಿಯಾನೊ ಕಲಿಯುವಾಗ ಅದಕ್ಕೆ 'ಉದ್ದ ಹಿಡಿ' ಅಂತ ಹೇಳಿಕೊಟ್ಟಿದ್ದರು. ಕೋರಾಲ್‌ನಲ್ಲಿ ಅದು ಸಾಲು ಇಲ್ಲಿ ನಿಂತಿತು, ಇಲ್ಲಿ ಉಸಿರು ತೆಗೆದುಕೊಳ್ಳಿ ಅನ್ನುವ ಗುರುತು. ಮಾಸ್ತರರ ಫೈಲಿನ ಅಡ್ಡ ಗೆರೆಯೂ ಅದೇ. ಪೆನ್ಸಿಲ್ ಗೆರೆ ಇದ್ದಲ್ಲೆಲ್ಲ ಅವರು ಕೈ ಎತ್ತುತ್ತಿದ್ದರು.

ಈಗ ನಾನು ಪ್ರತಿ ಸಾಲಿನ ಕೊನೆಯ ಸ್ವರವನ್ನು ಒಂದು ಮಾತ್ರೆ ಕಡಿಮೆ ಬರೆಯುತ್ತೇನೆ. ಅಲ್ಲಿ ನಿಜವಾದ ಮೌನ ಇಡುತ್ತೇನೆ. ರಾಗ, ಆಲ್ಟೊ, ಟೆನರ್, ಮಂದ್ರ, ನಾಲ್ಕೂ ದನಿ ಒಟ್ಟಿಗೆ ಏಳಬೇಕು, ಸಭೆಯ ಉಸಿರು ಕೇಳಬೇಕು, ಆಮೇಲೆ ಒಟ್ಟಿಗೆ ಇಳಿಯಬೇಕು. ಸಾಲಿನ ಒಳಗೆ ಮಾತ್ರ ತದ್ವಿರುದ್ಧ. ರಾಗದ ಸ್ವರ ಎರಡು ಸಲ ಬಂದರೆ ಎರಡು ಸಲವೂ ಒತ್ತುತ್ತೇನೆ, ಸಭೆಗೆ ಅಕ್ಷರ ಸಿಗಬೇಕು. ಆದರೆ ನಡುವಿನ ಆಲ್ಟೊ, ಟೆನರ್ ದನಿಗಳಲ್ಲಿ ಅದೇ ಸ್ವರ ಮತ್ತೆ ಬಂದರೆ ಬೆರಳು ಎತ್ತದೆ ಹಾಗೇ ಹಿಡಿಯುತ್ತೇನೆ. ಆರ್ಗನ್ ಬಾರಿಸುವವರ ಹಳೆಯ ಪದ್ಧತಿ ಇದು. ಎಲ್ಲವನ್ನೂ ಮತ್ತೆ ಮತ್ತೆ ಒತ್ತಿದರೆ ಹಾಡು ಕುಟ್ಟಿದಂತೆ ಕೇಳುತ್ತದೆ. ಎಲ್ಲವನ್ನೂ ಹಿಡಿದರೆ ತಾಳವೇ ಕಳೆದುಹೋಗುತ್ತದೆ.

ಮೂರನೆಯ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ನೂರನೇ ಕೀರ್ತನೆಯ ರಾಗ ಕಾಣಿಕೆ ಅರ್ಪಿಸುವಾಗ ನಮ್ಮಲ್ಲಿ ಹಾಡುತ್ತಾರೆ. ನನ್ನ ಪುಸ್ತಕದಲ್ಲಿ ಎಲ್ಲ ಸ್ವರವೂ ಸಮ ಸಮ, ಒಂದೊಂದೇ ಮಾತ್ರೆ. ಆದರೆ ಹಿರಿಯರು, ಮುಖ್ಯವಾಗಿ ಆ ಅಜ್ಜಿ, ಪ್ರತಿ ಸಾಲಿನ ಮೊದಲ ಅಕ್ಷರವನ್ನು ಎಳೆಯುತ್ತಿದ್ದರು. ಎರಡು ಮಾತ್ರೆ ಹಿಡಿದು, ಆಮೇಲೆ ಸರಸರ ನಡೆಯುತ್ತಿದ್ದರು. ನಾನು ಅವರನ್ನು ತಿದ್ದಬೇಕು ಅಂತ ಜೋರಾಗಿ, ಸಮವಾಗಿ ಬಾರಿಸುತ್ತಿದ್ದೆ. ತಿಂಗಳುಗಟ್ಟಲೆ ಹಾಗೇ ಎಳೆದಾಡಿದೆವು.

ಒಂದು ರಾತ್ರಿ ಆ ರಾಗದ ಹಳೆಯ ರೂಪ ಹುಡುಕಿ ನೋಡಿದೆ. ಅದು ಜಿನೀವಾದಲ್ಲಿ 1551ರ ಕೀರ್ತನೆಗಳ ಪುಸ್ತಕದಲ್ಲಿ ಬಂದ ರಾಗ. ಸಂಗೀತಗಾರ ಲೂಯಿ ಬೂರ್ಜ್ವಾ ಅವರದು ಅನ್ನುತ್ತಾರೆ. ಅಲ್ಲಿ ಅದು 134ನೇ ಕೀರ್ತನೆಗೆ ಇತ್ತು, ಇಂಗ್ಲಿಷಿಗೆ ಬಂದಾಗ ನೂರಕ್ಕೆ ಜೋಡಿಯಾಯಿತು. ಆ ಮೊದಲ ರೂಪದಲ್ಲಿ ಸ್ವರಗಳು ಸಮ ಇಲ್ಲ. ಎಂಟು ಅಕ್ಷರದ ಸಾಲಿನಲ್ಲಿ ಮೊದಲನೆಯದು ಉದ್ದ, ಮುಂದಿನ ನಾಲ್ಕು ಗಿಡ್ಡ, ಕೊನೆಯ ಮೂರು ಮತ್ತೆ ಉದ್ದ. ಎಲ್ಲವನ್ನೂ ಒಂದೇ ಅಳತೆಗೆ ತಂದು ನಿಲ್ಲಿಸಿದ್ದು ಆಮೇಲಿನವರು. ಮಧ್ಯರಾತ್ರಿ ಮೇಜಿನ ಮೇಲೆ ಬೆರಳಿನಿಂದ ತಟ್ಟಿಕೊಂಡು ಹಾಡಿದೆ. ಅಜ್ಜಿ ಹಾಡುವುದು ಅದೇ ನಡೆ!

ಅವರಿಗೆ ಅದು ಎಲ್ಲಿಂದ ಬಂತು? ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ನಿನವರು ಬಂದದ್ದು 1851ರಲ್ಲಿ. ಅವರ ಜೊತೆ ಜರ್ಮನ್ ಸಭೆಗಳ ಕೋರಾಲ್ ರಾಗಗಳೂ ಬಂದು ನಮ್ಮ ನೇಕಾರರ ಓಣಿಗಳಲ್ಲಿ ಕನ್ನಡ ಮಾತಿಗೆ ಕೂತವು. ಅಜ್ಜಿಯ ಹಿರಿಯರು ಖಣ ನೇಯುವವರು. ಮನೆಯಲ್ಲಿ ಹಾಡು ಬಾಯಿಂದ ಬಾಯಿಗೆ ಬಂದಿತ್ತು. ಆ ಎಳೆತ ಮಿಶನ್ನಿನವರಿಂದ ಬಂತೋ, ಕನ್ನಡವೇ ಅದನ್ನು ಕೇಳಿತೋ. ನನಗೆ ಎರಡನೆಯದರ ಕಡೆಗೇ ಒಲವು, ಯಾಕೆಂದರೆ ನಮ್ಮ ಮಾತಿನ ಒತ್ತು ಪದದ ಮೊದಲ ಅಕ್ಷರಕ್ಕೇ ಬೀಳುತ್ತದೆ. 'ದೇವರು' ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಇಂಗ್ಲಿಷಿನ ಎಷ್ಟೋ ಹಾಡು ಮೆಲ್ಲನೆಯ ಅಕ್ಷರದಿಂದ ಶುರುವಾಗಿ ಎರಡನೆಯದಕ್ಕೆ ಒತ್ತು ಕೊಡುತ್ತವೆ. ಆ ರಾಗದಲ್ಲಿ ಸಮ ಮಾತ್ರೆಗೆ ಕನ್ನಡ ಕೂರಿಸಿದರೆ 'ದೇ' ಅನ್ನುವುದು ಮೆಲ್ಲನೆ ಜಾರಿ, ಒತ್ತೆಲ್ಲ 'ವ' ಮೇಲೆ ಬಿದ್ದು, 'ದೆವಾರು' ಅಂತ ಕೇಳುತ್ತದೆ. ಮೊದಲ ಸ್ವರ ಎರಡು ಮಾತ್ರೆ ಇದ್ದರೆ 'ದೇ' ತನ್ನ ಪೂರ್ತಿ ದೀರ್ಘದೊಂದಿಗೆ ಕೂತುಕೊಳ್ಳುತ್ತದೆ.

ಮುಂದಿನ ಭಾನುವಾರ 1551ರ ನಡೆಯಲ್ಲೇ ಬಾರಿಸಿದೆ. ಯಾರಿಗೂ ಮುಂಚೆ ಹೇಳಲಿಲ್ಲ. ಮೊದಲ ಸ್ವರ ಹಿಡಿದ ಕೂಡಲೇ ಮುಂದಿನ ಬೆಂಚಿನಿಂದ ದನಿ ಬಂದು ಆರ್ಗನ್‌ಗೆ ಹೆಗಲು ಕೊಟ್ಟಿತು. ಕಾಯರ್‌ನ ಹುಡುಗಿಯರು ಒಂದು ಸಾಲು ತಡವರಿಸಿ ಹಿಂದೆ ಬಂದರು. ಅವತ್ತು ನಾನು ಮೊದಲ ಸಲ ಸಭೆಯ ಜೊತೆ ಬಾರಿಸಿದೆ. ಹಾಗೆ ಬಾರಿಸುವಾಗ ಬೆನ್ನಿಗೇ ಗೊತ್ತಾಗುತ್ತದೆ.

ಸುಗ್ಗಿ ಆರಾಧನೆಗೆ ಮುಖ್ಯ ಹಾಡು ಜರ್ಮನ್ನರ 'ನುನ್ ಡಾಂಕೆಟ್'. ಎಲ್ಲರೂ ದೇವರಿಗೆ ಕೃತಜ್ಞತೆ ಹೇಳೋಣ ಅನ್ನುವ ಹಾಡು. ಇದನ್ನು ಬರೆದ ಮಾರ್ಟಿನ್ ರಿಂಕಾರ್ಟ್ ಐಲೆನ್‌ಬರ್ಗ್ ಅನ್ನುವ ಊರಿನ ಸಭಾಪಾಲಕರು. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ಊರಿಗೆ ಪ್ಲೇಗ್ ಬಂದು, ಉಳಿದ ಪಾದ್ರಿಗಳೂ ಹೋಗಿ, ಸಾವಿರಾರು ಜನರನ್ನು ಮಣ್ಣು ಮಾಡುವ ಕೆಲಸ ಅವರ ಪಾಲಿಗೆ ಬಂತು. ಅದರಲ್ಲಿ ಅವರ ಹೆಂಡತಿಯೂ ಇದ್ದರು. ರಾಗ ಯೋಹಾನ್ ಕ್ರ್ಯೂಗರ್ ಅವರ 1647ರ ಪುಸ್ತಕದಲ್ಲಿ ಬಂತು. ಕೋವಿಡ್ ವರ್ಷಗಳಲ್ಲಿ ನಮ್ಮ ಸಭೆಯಲ್ಲೂ ಬೆಂಚುಗಳು ಖಾಲಿಯಾದವು. ಈ ಹಾಡನ್ನು ಅಬ್ಬರದ ಮೆರವಣಿಗೆಯಂತೆ ಬಾರಿಸಲು ನನಗೆ ಮನಸ್ಸಾಗುವುದಿಲ್ಲ. ಗಟ್ಟಿಯಾಗಿ ಬಾರಿಸಬೇಕು ನಿಜ. ಆದರೆ ಬಹಳ ಕಂಡವರು ಎದ್ದು ನಿಂತು ಹಾಡುವ ಗಟ್ಟಿತನ ಅದಕ್ಕೆ ಇರಬೇಕು.

ಇಲ್ಲಿ ಒಂದು ತೊಂದರೆ. ಈ ರಾಗಕ್ಕೆ ನೆಲದಂಥ ಮಂದ್ರ ಬೇಕು, ನನಗೆ ಪೆಡಲ್ ಕೀಗಳಿಲ್ಲ. ಬೆಳಗಾವಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಊರು. ಸೈನ್ಯದ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಅಣ್ಣ ನಮ್ಮ ಸಭೆಯಲ್ಲಿದ್ದಾರೆ. ಯೂಫೋನಿಯಂ ಅನ್ನುವ, ದಪ್ಪ ದನಿಯ ಹಿತ್ತಾಳೆ ಕಹಳೆ ಊದುತ್ತಿದ್ದವರು. ದೆಹಲಿಯಲ್ಲಿ ಜನವರಿ 29ಕ್ಕೆ ನಡೆಯುವ ಸೈನ್ಯದ ಬೀಟಿಂಗ್ ರಿಟ್ರೀಟ್‌ನಲ್ಲಿ ಬ್ಯಾಂಡುಗಳು 'ಅಬೈಡ್ ವಿತ್ ಮಿ' ಅನ್ನುವ ಕ್ರೈಸ್ತ ಹಾಡು ಬಾರಿಸುತ್ತಿದ್ದುದನ್ನು ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ. 2022ರಿಂದ ಅದನ್ನು ಬಿಟ್ಟರು. "ಅಣ್ಣಾರ, ಕೆಳಗಿನ ದನಿ ನೀವು ಊದ್ತೀರೇನು?" ಅಂತ ಕೇಳಿದೆ. "ಕಾಗದದಾಗ ಬರದು ಕೊಡವಾ, ಊದ್ತೀನಿ" ಅಂದರು.

ಬರೆಯುವುದು ಸುಲಭ ಇರಲಿಲ್ಲ. ಅವರು ಓದುವ ಪದ್ಧತಿಯಲ್ಲಿ ಯೂಫೋನಿಯಂಗೆ ಬರೆದ ಸ್ವರ ಒಂದು, ಕೇಳುವುದು ಇನ್ನೊಂದು. ಒಂದು ಸ್ಥಾಯಿ ಮತ್ತು ಒಂದು ಸ್ವರ ಕೆಳಗೆ ಕೇಳುತ್ತದೆ. ಹಾಡು ಪುಸ್ತಕದಲ್ಲಿ ಬಿಳಿ ನಾಲ್ಕರಲ್ಲಿತ್ತು, ನಾನು ಕಪ್ಪು ಎರಡಕ್ಕೆ ಇಳಿಸಿದ್ದೆ. ಅವರಿಗೆ ಅದೇ ಬಿಳಿ ನಾಲ್ಕಾಗಿ ಬರೆಯಬೇಕು. ಆ ವಾದ್ಯಕ್ಕೆ ಕಪ್ಪು ಎರಡು ಹಗುರ. ಬಿಳಿ ಮೂರು ಇಟ್ಟಿದ್ದರೆ ಕಷ್ಟವಾಗುತ್ತಿತ್ತು ಅಂದರು. ಮಂದ್ರವನ್ನು ಅವರಿಗೆ ಬಿಟ್ಟ ಮೇಲೆ ನನ್ನ ಎಡಗೈಗೆ ಟೆನರ್ ಮಾತ್ರ ಉಳಿಯಿತು. ಗಾಳಿಯೂ ಉಳಿಯಿತು, ಕಾಲಿಗೂ ಸುಖ.

ಮೂರು ಚರಣಕ್ಕೆ ಮೂರು ಬಗೆ ಹೊಂದಿಸಿದೆ. ಮೊದಲು ಕೊನೆಯ ಸಾಲು ಮಾತ್ರ ಪೀಠಿಕೆ. ಅದು ಕೇಳಿದರೆ ಎದ್ದು ನಿಲ್ಲಬೇಕು, ಯಾವ ಶ್ರುತಿ ಅಂತ ಎಲ್ಲರಿಗೂ ತಿಳಿಯುತ್ತದೆ. ಮೊದಲ ಚರಣ ಸರಳ ನಾಲ್ಕು ದನಿ. ಎರಡನೆಯದಕ್ಕೆ ಯೂಫೋನಿಯಂ ಇಲ್ಲ. ನಮ್ಮ ಪೆಟ್ಟಿಗೆಯ ಸ್ಟಾಪ್‌ಗಳು ಎಡ ಬಲ ಬೇರೆ ಬೇರೆ. ಎಡಕ್ಕೆ ಎಂಟಡಿಯದು ಒಂದೇ ಎಳೆದು, ಬಲಕ್ಕೆ ಎಂಟರ ಜೊತೆ ನಾಲ್ಕಡಿಯದೂ ಎಳೆದರೆ ರಾಗ ತಾನಾಗಿ ಮೇಲೆ ಎದ್ದು ಕಾಣುತ್ತದೆ. ಎಂಟಡಿ ಅಂದರೆ ಬರೆದ ಸ್ವರವೇ ಕೇಳುವುದು, ನಾಲ್ಕಡಿ ಅಂದರೆ ಒಂದು ಸ್ಥಾಯಿ ಮೇಲಿನದು. ಕೊಳವೆಯ ಉದ್ದದಿಂದ ಬಂದ ಹೆಸರು, ಕೊಳವೆ ಇಲ್ಲದ ನಮ್ಮ ಪೆಟ್ಟಿಗೆಯಲ್ಲೂ ಉಳಿದಿದೆ.

ಮೂರನೇ ಚರಣಕ್ಕೆ ಹೊಸ ಕಾರ್ಡ್‌ಗಳನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಆದರೆ ಆಗಸ್ಟ್ ಮರೆತಿರಲಿಲ್ಲ. ಮೊದಲ ಎರಡು ಸಾಲು ಎಲ್ಲರಿಗೂ ಗೊತ್ತಿರುವ ಹಾಗೇ ಇಟ್ಟೆ. ಕೊನೆಯ ಸಾಲನ್ನೂ ಹಾಗೇ ಇಟ್ಟೆ. ನಡುವಿನ ಗಿಡ್ಡ ಸಾಲುಗಳಲ್ಲಿ ಮಾತ್ರ ಯೂಫೋನಿಯಂ ಒಂದೇ ಸ್ವರವನ್ನು, ಪಂಚಮವನ್ನು, ಕದಲದೆ ಹಿಡಿದು ನಿಲ್ಲುತ್ತದೆ. ಅದರ ಮೇಲೆ ನನ್ನ ಕಾರ್ಡ್‌ಗಳು ಬದಲಾಗುತ್ತವೆ. ನಮ್ಮ ಜನರಿಗೆ ತಂಬೂರಿ ಕಿವಿಯಲ್ಲೇ ಇದೆ. ಕೆಳಗೆ ಒಂದು ಸ್ವರ ಗಟ್ಟಿ ನಿಂತರೆ ಮೇಲೆ ಏನಾದರೂ ಆಗಲಿ, ಅವರು ಹೆದರುವುದಿಲ್ಲ. ರಾಗವನ್ನು ಮಾತ್ರ ಎಲ್ಲೂ ಮುಚ್ಚಲಿಲ್ಲ, ನನ್ನ ಬಲಗೈಯ ಕಿರುಬೆರಳಲ್ಲೇ ಕೊನೆಯವರೆಗೂ ಇತ್ತು.

ನವೆಂಬರ್ ಭಾನುವಾರ. ವೇದಿಯ ಮುಂದೆ ಜೋಳದ ತೆನೆ, ಕಬ್ಬು, ಬೆಲ್ಲದ ಪೆಂಟೆ, ಬದನೆಕಾಯಿ, ಖಾನಾಪುರದ ಕಡೆಯವರು ತಂದ ಭತ್ತ. ಎರಡನೇ ಚರಣದಲ್ಲಿ ಒಂದು ಕೀ ಅಂಟಿಕೊಂಡು ಸ್ವರ ಹಾಗೇ ಕೂಗುತ್ತಾ ಉಳಿಯಿತು, ಕಿರುಬೆರಳಲ್ಲಿ ಎತ್ತಿ ಬಿಡಿಸಿದೆ. ಮಳೆ ಹೋದರೂ ಮರದಲ್ಲಿ ಇನ್ನೂ ಪಸೆ ಇತ್ತು. ಮೂರನೇ ಚರಣದ ನಡುವಿನ ಸಾಲುಗಳು ಬಂದವು. ಅಣ್ಣ ಪಂಚಮ ಹಿಡಿದರು. ಸಾಲಿನ ಕೊನೆಗೆ ನಾನು ಎರಡೂ ಕೈ ಎತ್ತಿದೆ. ಆ ಒಂದು ಮಾತ್ರೆಯ ಮೌನದಲ್ಲಿ ಇಡೀ ಚರ್ಚು ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಕೊನೆಯ ಸಾಲು. ಯಾರೂ ನಿಲ್ಲಿಸಲಿಲ್ಲ.

ಆರಾಧನೆ ಆದ ಮೇಲೆ ಅಂಗಳದಲ್ಲಿ ಹರಾಜು. ಅಜ್ಜಿ ಒಂದು ಕುಂಬಳಕಾಯಿಗೆ ಪಟ್ಟು ಹಿಡಿದು ಕೂಗಿ, ಗೆದ್ದು, ಅದನ್ನು ಸೊಂಟಕ್ಕೆ ಏರಿಸಿಕೊಂಡು ಬಂದರು. ಆರ್ಗನ್ ಬಗ್ಗೆ ಏನೂ ಹೇಳಲಿಲ್ಲ. "ಆ ಕಹಳಿ ಊದಾಂವಗ ಕ್ರಿಸ್‌ಮಸ್ಸಿಗೂ ಬರಾಕ ಹೇಳವಾ" ಅಂದು ಆಟೋ ಹತ್ತಿದರು.

ಈಗ ನನ್ನ ಮೇಜಿನ ಮೇಲೆ ಶುಭ ಶುಕ್ರವಾರದ ಹಾಡು ಬಿಚ್ಚಿಟ್ಟಿದೆ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರೇಮಗೀತೆಗೆ ಕಟ್ಟಿದ ರಾಗ, ಮುಂದೆ ಯೇಸುವಿನ ಗಾಯಗೊಂಡ ತಲೆಯ ಹಾಡಿಗೆ ಬಂತು. ಜರ್ಮನ್ ಸಂಗೀತಗಾರ ಬಾಖ್ ತಮ್ಮ 'ಮತ್ತಾಯನ ಶ್ರಮಚರಿತ್ರೆ' ಅನ್ನುವ ಕೃತಿಯಲ್ಲಿ ಅದನ್ನು ಐದು ಸಲ ತಂದಿದ್ದಾರೆ, ಕಥೆ ಮುಂದುವರಿದಂತೆ ಕೆಳಗಿನ ಕಾರ್ಡ್‌ಗಳು ಬೇರೆ ಬೇರೆಯಾಗುತ್ತವೆ. ಅವುಗಳಲ್ಲಿ ನಾನು ಎರಡನ್ನೇ ಇಟ್ಟುಕೊಂಡಿದ್ದೇನೆ. ಕೊನೆಯ ಚರಣಕ್ಕೆ ಆರ್ಗನ್ ಬೇಡ ಅಂತ ತೀರ್ಮಾನಿಸಿದ್ದೇನೆ, ಸಭೆ ತಾನೇ ಹಾಡಲಿ. ಮಾಸ್ತರರ ಫೈಲಿನಲ್ಲಿ ಆ ಹಾಡಿನ ಪುಟ ತೆಗೆದು ನೋಡಿದೆ. ಕೊನೆಯ ಚರಣದ ಎದುರು ಅವರೂ ಸ್ವರ ಬರೆದಿಲ್ಲ. ಅಡ್ಡ ಗೆರೆಗಳು ಮಾತ್ರ ಇವೆ.